ಹೊಸ ವಿದ್ಯಾರ್ಥಿಗಳಿಗೆ ಓರಿಯೆಂಟೇಶನ್ ಕಡ್ಡಾಯ ಮಾಡಬೇಕೇ?

ಓರಿಯೆಂಟೇಶನ್, ಅಂದರೆ ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಮೊದಲ ದಿನದ ಭಾಷಣ, ಕೇಳದಿದ್ದರೆ ಏನು ನಷ್ಟ, ಅದನ್ನೇಕೆ ಕಡ್ಡಾಯ ಮಾಡಬೇಕು ಎಂದು ಕೇಳಿದ್ದೀರಿ. ಹಾಗೆಂದುಕೊಂಡೇ ಹೋಗದೆ ಉಳಿದವರಲ್ಲಿ ನಾನೂ ಒಬ್ಬ. ಅದಕ್ಕೆ ತೆತ್ತದ್ದು ಒಂದು ವರ್ಷ. ಆ ವರ್ಷ ಕೈತಪ್ಪುವುದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪು ಮಾಡುವಾಗ ಅದು ತಪ್ಪು ಎಂದು ಅನ್ನಿಸುವುದೇ ಇಲ್ಲ.

ಮೊದಲ ಸೆಮಿಸ್ಟರಿನಲ್ಲಿ ಒಂದು ಕೋರ್ಸ್ ಭಾರ ಎನಿಸುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ತೆಗೆದುಕೊಂಡರಾಯಿತು ಎಂದು ಕೈಬಿಡುತ್ತೀರಿ. ಆದರೆ ಅಂಥ ಬುನಾದಿ ಕೋರ್ಸುಗಳು ಅನೇಕ ಕಡೆ ವರ್ಷಕ್ಕೆ ಒಂದೇ ಸಲ, ಬೆಸ ಸೆಮಿಸ್ಟರಿನಲ್ಲಿ ಮಾತ್ರ ನಡೆಯುತ್ತವೆ. ಎರಡನೆಯ ಸೆಮಿಸ್ಟರಿನ ಕೋರ್ಸಿಗೆ ಮೊದಲನೆಯದು ಪಾಸಾಗಿರಬೇಕು, ಮೂರನೆಯದಕ್ಕೆ ಎರಡನೆಯದು. ಹೀಗಾಗಿ 1ರಲ್ಲಿ ಬಿಟ್ಟದ್ದು 3ಕ್ಕೆ ಹೋಗುತ್ತದೆ, 2ರದ್ದು 4ಕ್ಕೆ. 8ನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಇದೇ ಸರಪಳಿಯ ತುದಿಯಲ್ಲಿದ್ದರೆ ಅದು 10ಕ್ಕೆ ಜಾರುತ್ತದೆ. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಪದವಿ ಒಂದು ವರ್ಷ ತಡ.

ಜೊತೆಗೆ ಗಡುವಿನ ಗೊಂದಲ. ಅನೇಕ ಕಡೆ ಮೊದಲ ಒಂದೆರಡು ವಾರದೊಳಗೆ ಕೋರ್ಸ್ ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತೇ ಉಳಿಯುವುದಿಲ್ಲ. ಆ ಗಡುವು ದಾಟಿದ ಮೇಲೆ ಬಿಟ್ಟರೆ 'ಡಬ್ಲ್ಯು' (ವಿತ್‌ಡ್ರಾ, ಅಂದರೆ ಕೋರ್ಸ್ ಕೈಬಿಟ್ಟ ಗುರುತು) ಬೀಳುತ್ತದೆ, ಕಟ್ಟಿದ ಶುಲ್ಕ ಪೂರ್ತಿ ಮರಳುವುದಿಲ್ಲ. ಇನ್ನೂ ತಡವಾದರೆ ಫೇಲ್. ತೆಗೆದುಕೊಂಡ ಕೋರ್ಸುಗಳ ಒಟ್ಟು ಕ್ರೆಡಿಟ್ (ಪ್ರತಿ ಕೋರ್ಸಿಗೂ ಇಟ್ಟ ತೂಕ) ಕನಿಷ್ಠ ಮಿತಿಗಿಂತ ಕೆಳಗಿಳಿದರೆ ವಿದ್ಯಾರ್ಥಿವೇತನಕ್ಕೂ ಕುತ್ತು. ಇದನ್ನೆಲ್ಲ ನೆನಪಿಸುವ ಸೂಚನೆ ಬರುವುದು ವಿಶ್ವವಿದ್ಯಾಲಯ ಕೊಟ್ಟ ಇಮೇಲಿಗೆ. ಹೊಸಬರು ತೆರೆದು ನೋಡದ ಖಾತೆಯೂ ಅದೇ.

ಹಾಗಾದರೆ ಹಾಜರಿ ಕಡ್ಡಾಯ ಮಾಡಿದರೆ ಸರಿಹೋಗುತ್ತದೆಯೇ? ಖಂಡಿತ ಇಲ್ಲ. ನೂರಾರು ಮಂದಿಯನ್ನು ಸಭಾಂಗಣದಲ್ಲಿ ಕೂರಿಸಿ ಆರು ಗಂಟೆ ಮೈಕಿನಲ್ಲಿ ಹೇಳಿದ್ದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಸಹಿ ಹಾಕಿ ಹಿಂದಿನ ಬಾಗಿಲಿನಿಂದ ಹೋಗುವವರು ಹೋಗುತ್ತಾರೆ. ಆನ್‌ಲೈನ್ ಮಾಡಿದರೆ ವಿಡಿಯೊ ಓಡಲು ಬಿಟ್ಟು ಎದ್ದು ಹೋಗುತ್ತಾರೆ. ಎಲ್ಲಕ್ಕಿಂತ ಅನ್ಯಾಯವಾಗುವುದು ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರಿಗೆ: ಅವರು ಬರುವ ಹೊತ್ತಿಗೆ ಕಾರ್ಯಕ್ರಮವೇ ಮುಗಿದಿರುತ್ತದೆ. ದುಡಿದುಕೊಂಡು ಓದುವವರಿಗೂ ಹಗಲಿನ ಒಂದೇ ಸರದಿ ಇಟ್ಟರೆ ಪ್ರಯೋಜನವಿಲ್ಲ.

ಕಡ್ಡಾಯವಾಗಬೇಕಾದದ್ದು ಹಾಜರಿಯಲ್ಲ, ಕೆಲಸ. 15ರಿಂದ 20 ಮಂದಿಯ ಗುಂಪು, ಒಬ್ಬ ಅಧ್ಯಾಪಕ, ಒಬ್ಬ ಹಿರಿಯ ವಿದ್ಯಾರ್ಥಿ. ಎಲ್ಲರೂ ಅಲ್ಲೇ ಇಮೇಲ್ ತೆರೆದು ಒಂದು ಉತ್ತರ ಕಳಿಸಬೇಕು. ಕೋರ್ಸ್ ಬಿಡುವ ಗಡುವುಗಳನ್ನು ಫೋನಿನ ಕ್ಯಾಲೆಂಡರಿಗೆ ಹಾಕಬೇಕು. ಆಮೇಲೆ ಒಂದು ಹಾಳೆಯಲ್ಲಿ ಪದವಿಯ ಕೊನೆಯ ಕೋರ್ಸಿನಿಂದ ಹಿಂದಕ್ಕೆ ಬರೆಯುತ್ತ ಬರಬೇಕು: ಇದಕ್ಕೆ ಮೊದಲು ಯಾವುದು, ಅದಕ್ಕೆ ಮೊದಲು ಯಾವುದು. ಮುಂದಕ್ಕೆ ಬರೆದರೆ ಸರಪಳಿ ಕಣ್ಣಿಗೆ ಬೀಳುವುದಿಲ್ಲ. ಹಾಳೆಗೆ ಅಡ್ವೈಸರ್ (ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಅಧ್ಯಾಪಕ) ಸಹಿ ಬಿದ್ದ ಮೇಲಷ್ಟೇ ನೋಂದಣಿ ತೆರೆಯಲಿ. ಇಷ್ಟಕ್ಕೆ ಎರಡು ಗಂಟೆ ಸಾಕು. ಸಂಜೆಗೊಂದು ಸರದಿ, ತಡವಾಗಿ ಸೇರಿದವರಿಗೆ ಮತ್ತೊಂದು ಇಡಲೇಬೇಕು.

ಗ್ರಂಥಾಲಯ, ಆಪ್ತಸಮಾಲೋಚನೆ, ಕಿರುಕುಳದ ದೂರು ಕೊಡುವ ಬಗೆ, ಇವನ್ನು 2, 4, 6ನೆಯ ವಾರಗಳಿಗೆ ಹಂಚಬೇಕು. ಮೊದಲ ಪರೀಕ್ಷೆ ಹತ್ತಿರ ಬಂದಾಗಲೇ ಈ ಮಾತುಗಳು ಕಿವಿಗೆ ಬೀಳುವುದು. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯ ಹೊಸ ವಿದ್ಯಾರ್ಥಿಗಳಿಗಾಗಿ 1972ರಲ್ಲಿ ಶುರು ಮಾಡಿದ 'ಯೂನಿವರ್ಸಿಟಿ 101' ಇಡೀ ಸೆಮಿಸ್ಟರಿನ ಕೋರ್ಸ್, ಒಂದು ದಿನದ ಸಮಾರಂಭವಲ್ಲ. ಅದು ಸರಿಯಾದ ದಾರಿ ಎಂದು ನನ್ನ ದೃಢ ಅಭಿಪ್ರಾಯ.

ನಿಮ್ಮ ಓರಿಯೆಂಟೇಶನ್ ಆಗಲೇ ತಪ್ಪಿಹೋಗಿದ್ದರೆ, ಯಾವ ಕೋರ್ಸನ್ನೂ ಬಿಡುವ ಮೊದಲು ವಿಭಾಗದ ಕಚೇರಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಇದು ಮತ್ತೆ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ? ಇದು ಪಾಸಾಗದೆ ಯಾವ ಯಾವ ಕೋರ್ಸಿಗೆ ಕೂರುವಂತಿಲ್ಲ? ಉತ್ತರವನ್ನು ಇಮೇಲಿನಲ್ಲೇ ಬರೆಸಿಕೊಳ್ಳಿ.