ತುಮಕೂರಲ್ಲಿ ಕೂತು ಬೆಂಗಳೂರಿನವರಿಗಿಂತ ಮೊದಲು ತೆರಿಗೆ ಲೇಖನ ಬರೆದು ಕಳಿಸೋದು ಹೇಗೆ?

ಇದು ನಿಮ್ಮ ಪ್ರಶ್ನೆ. ಎರಡು ವರ್ಷದ ತೆರಿಗೆ ಪ್ರಾಕ್ಟೀಸು, ವೃತ್ತಿಪತ್ರಿಕೆಗಳಲ್ಲಿ ಹೆಸರು ಬರಬೇಕು, ಜಿಎಸ್‌ಟಿ ದರಗಳನ್ನು ಶಿಫಾರಸು ಮಾಡುವ ಕೌನ್ಸಿಲ್ಲಿನ ಸಭೆ ಮುಗಿದ ರಾತ್ರಿಯೇ ಲೇಖನ ಹೋಗಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2019ರಲ್ಲಿ ನಾನೂ ಹೀಗೇ ಇದ್ದೆ.

ಆ ವರ್ಷ ಸೆಪ್ಟೆಂಬರ್ 20, ಶುಕ್ರವಾರ. ಗೋವಾದಲ್ಲಿ ಜಿಎಸ್‌ಟಿ ಕೌನ್ಸಿಲ್ಲಿನ 37ನೇ ಸಭೆ. ಅವತ್ತು ಬೆಳಗ್ಗೆ ನಿರ್ಮಲಾ ಸೀತಾರಾಮನ್ ಅಲ್ಲಿಂದಲೇ ಕಂಪನಿ ತೆರಿಗೆ 22%ಗೆ ಇಳಿಸಿದ ಸುದ್ದಿ ಕೊಟ್ಟಿದ್ದರು. ಬರೆಯುವ ಮಂದಿಯೆಲ್ಲ ಅದರ ಹಿಂದೆ ಬಿದ್ದಿದ್ದರು. ರಾತ್ರಿ ಕೌನ್ಸಿಲ್ ತೀರ್ಮಾನಗಳ ಸಾರಾಂಶ ವಾಟ್ಸಾಪಿಗೆ ಬಂತು. ಅದರಲ್ಲಿ ನನ್ನ ಕಣ್ಣು ಕೀಳದೆ ನಿಂತದ್ದು ಒಂದೇ ಸಾಲಿನ ಮೇಲೆ: ಒಣ ಹುಣಸೆಹಣ್ಣು, 5%ನಿಂದ ಸೊನ್ನೆ. ಎಲೆಯ ತಟ್ಟೆ, ದೊನ್ನೆಗಳಿಗೂ ಸೊನ್ನೆ. ತುಮಕೂರಿನವನಿಗೆ ಇದಕ್ಕಿಂತ ಇನ್ನೇನು ಬೇಕು? ಜಿಎಸ್‌ಟಿ ಬಂದಾಗ ಒಣ ಹುಣಸೆಗೆ 12% ಹಾಕಿದ್ದರು, 2017ರ ಸೆಪ್ಟೆಂಬರಿನಲ್ಲೇ 5%ಗೆ ಇಳಿಸಿದರು, ಈಗ ಅದೂ ಇಲ್ಲ. ಬೆಂಗಳೂರಿನ ಯಾವ ದೊಡ್ಡ ಆಫೀಸೂ ಹುಣಸೆ ಬಗ್ಗೆ ಬರೆಯೋಲ್ಲ, ಇದು ನನ್ನದೇ ಅಂದುಕೊಂಡೆ.

ಒಂದು ಸಂಘದ ಮಾಸಪತ್ರಿಕೆಗೆ ಕನ್ನಡದ ಅಂಕಣ ನಾನೇ ಬರೆಯುತ್ತಿದ್ದೆ. ರಾತ್ರಿ ಹನ್ನೊಂದೂವರೆಗೆ ಕೂತು ಒಂದಕ್ಕೆ ಮುಗಿಸಿದೆ. ಶೀರ್ಷಿಕೆ 'ಹುಣಸೆಗೆ ಸಿಹಿ'. ಈಗ ನೆನೆದರೆ ನಾಚಿಕೆಯಾಗುತ್ತೆ. ಮೊದಲ ವಾಕ್ಯ: 'ಒಣ ಹುಣಸೆಹಣ್ಣಿನ ಮೇಲಿನ ತೆರಿಗೆ ಶೂನ್ಯವಾಗಿದೆ.' ಸಂಪಾದಕರು ಭಾನುವಾರವೇ ಪಿಡಿಎಫ್ ಹಂಚಿಬಿಟ್ಟರು.

ತಪ್ಪು ಆ ವಾಕ್ಯದ ಕೊನೆಯ ಪದದಲ್ಲಿದೆ. 'ಶೂನ್ಯವಾಗಿದೆ' ಅಲ್ಲ, 'ಶೂನ್ಯವಾಗಲಿದೆ'. ನಡುವೆ ಇರೋದು ಒಂದಕ್ಷರ. 20ರಂದು ಆದದ್ದು ಬರೀ ಶಿಫಾರಸು. ಅಧಿಸೂಚನೆ ಹೊರಟದ್ದು 30ಕ್ಕೆ, 15/2019 ಅನ್ನೋ ಸಂಖ್ಯೆಯಲ್ಲಿ. ಜಾರಿ ಅಕ್ಟೋಬರ್ 1ರಿಂದ. ಅದೂ ಕೇಂದ್ರದ ತೆರಿಗೆಗೆ. ರಾಜ್ಯದ ಪಾಲಿಗೆ ಕರ್ನಾಟಕ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸಬೇಕು. ಇದ್ಯಾವುದೂ ಗುಟ್ಟಲ್ಲ. ಹೊಸ ದರ ಅಕ್ಟೋಬರ್ 1ರಿಂದ ಅಂತ ಕೌನ್ಸಿಲ್ಲಿನ ಪತ್ರಿಕಾ ಪ್ರಕಟಣೆಯಲ್ಲೇ ಬರೆದಿತ್ತು. ಇದು ಸರಳವಾಗಿ ತಿಳಿಸಿದ ಮಾಹಿತಿ, ಕಾನೂನಿನ ಬಲ ಇರೋದು ಅಧಿಸೂಚನೆ, ಸುತ್ತೋಲೆಗಳಿಗೆ ಮಾತ್ರ ಅಂತಲೂ ಇತ್ತು. ನಾನು ಪ್ರಕಟಣೆಯನ್ನು ಓದಿರಲೇ ಇಲ್ಲ. ಯಾರೋ ಮಾಡಿದ ಸಾರಾಂಶ ಓದಿ, ಅದರ ಮೇಲೆ ಎಂಟುನೂರು ಪದ ಕಟ್ಟಿದ್ದೆ.

ಅಕ್ಟೋಬರ್ ಎರಡನೇ ವಾರ ರಿಟರ್ನ್ ಕೆಲಸಕ್ಕೆ ಎಪಿಎಂಸಿ ಯಾರ್ಡಿನ ನಮ್ಮ ಹುಣಸೆ ವರ್ತಕರೊಬ್ಬರು ಬಂದರು. ಸೆಪ್ಟೆಂಬರ್ 24ಕ್ಕೊಂದು, 27ಕ್ಕೊಂದು ಲೋಡ್ ತಮಿಳುನಾಡಿಗೆ ಹೋಗಿದೆ. ಎರಡಕ್ಕೂ ಟ್ಯಾಕ್ಸ್ ಇನ್‌ವಾಯ್ಸ್ ಬದಲು ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆಯಿಲ್ಲದ ಮಾಲಿಗೆ ಕೊಡೋ ಬಿಲ್ಲು. ಒಟ್ಟು 6,40,000 ರೂಪಾಯಿ ಮಾಲು, ತೆರಿಗೆ ಸೊನ್ನೆ. 'ಇದ್ಯಾಕೆ ಯಜಮಾನ್ರೇ?' ಅಂದೆ. ಜೇಬಿಂದ ನಾಲ್ಕು ಮಡಿಕೆ ಮಾಡಿದ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ಲೇಖನ. ಮೊದಲ ಸಾಲಿನ ಕೆಳಗೆ ಪೆನ್ನಿನ ಗೆರೆ, ಅಂಚಿಗೆ ಹುಣಸೆ ಅಂಟಿದ ಹೆಬ್ಬೆಟ್ಟಿನ ಗುರುತು. 'ಏನ್ ಸ್ವಾಮಿ, ನೀವೇ ಆಗಿದೆ ಅಂತ ಬರ್ದಿದ್ರಲ್ಲ?'

32,000 ರೂಪಾಯಿ ಅವರ ಕೈಯಿಂದ ಹೋಯಿತು. ಬಿಟ್ಟುಹೋದ ತೆರಿಗೆಗೆ ಡೆಬಿಟ್ ನೋಟ್ ಕೊಟ್ಟು ತಮಿಳುನಾಡಿನ ಖರೀದಿದಾರರಿಂದ ಕೇಳೋಣ ಅಂದೆ. ಆ ಖರೀದಿದಾರರ ಆಡಿಟರ್ ಜಾಣ, ಆಗೋಲ್ಲ ಅಂದುಬಿಟ್ಟ. ಅಕ್ಟೋಬರ್ 1ರಿಂದ ಮಾಲೇ ವಿನಾಯಿತಿಯದು. ಈಗ 5% ಕೊಟ್ಟು ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟೋ ತೆರಿಗೆಯಲ್ಲಿ ಕಳೆಯೋದು) ತಗೊಂಡರೂ, 30ನೇ ತಾರೀಖು ದಾಸ್ತಾನಿದ್ದ ಮಾಲಿನ ಕ್ರೆಡಿಟ್ಟನ್ನು ಜಿಎಸ್‌ಟಿ ಕಾಯ್ದೆಯ 18(4)ನೇ ಕಲಮಿನ ಪ್ರಕಾರ ವಾಪಸ್ ಕಟ್ಟಬೇಕು. ಅವರಿಗೇನು ಗಿಟ್ಟುತ್ತೆ?

ಅಲ್ಲಿ ನನಗೆ ಇನ್ನೊಂದು ಹೊಳೆಯಿತು. ನಾನು ಬರೆಯಬೇಕಾದ ಲೇಖನ ಅದೇ ಆಗಿತ್ತು! ಸೀಸನ್ನಿನಲ್ಲಿ ಕೊಂಡ ಹುಣಸೆ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿದೆ. ನೋಂದಣಿಯಿಲ್ಲದ ರೈತರಿಂದ ನೇರ ಕೊಂಡದ್ದಕ್ಕೆ ಕ್ರೆಡಿಟ್ಟಿನ ಮಾತೇ ಇಲ್ಲ. ಇನ್ನೊಬ್ಬ ವರ್ತಕರಿಂದ 5% ಕೊಟ್ಟು ಕೊಂಡದ್ದಕ್ಕೆ ಇದೆ. ಎರಡೂ ಒಂದೇ ಕೋಣೆಯಲ್ಲಿ ಪೇರಿಸಿವೆ. ಯಾವ ಮೂಟೆ ಎಲ್ಲಿಂದ ಬಂತು, ಕ್ರೆಡಿಟ್ ವಾಪಸ್ ಕಟ್ಟೋ ನಮೂನೆ ಐಟಿಸಿ-03 ತುಂಬುವಾಗ ಲೆಕ್ಕ ಹೇಗೆ? ಇದನ್ನು ಯಾರೂ ಬರೆದಿರಲಿಲ್ಲ. ಹತ್ತು ದಿನ ತಡವಾಗಿ ಬರೆದಿದ್ದರೂ ಓದುತ್ತಿದ್ದರು. ನಾನು ಬರೆದದ್ದು ಮಾತ್ರ ಟಿವಿಯಲ್ಲಿ ಆಗಲೇ ಓಡಿದ ಸುದ್ದಿ.

ವರ್ತಕರು ದುಡ್ಡು ತಗೊಳ್ಳಲಿಲ್ಲ. ಒಂದು ವರ್ಷ ಫೀಸು ಬೇಡ ಅಂದೆ, ಅದಕ್ಕೆ ತಲೆಯಾಡಿಸಿದರು. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಜಾಹೀರಾತಿನ ಕೆಳಗೆ ಎರಡು ಸಾಲಿನ ತಿದ್ದುಪಡಿ ಬಂತು. ಅದನ್ನು ಯಾರೂ ಪ್ರಿಂಟ್ ತೆಗೆಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಬೆಂಗಳೂರಿನ ಆಫೀಸಿನಲ್ಲಿ ಇಪ್ಪತ್ತು ಜನ ಕೂತು ರಾತ್ರಿಯಿಡೀ ಬರೀತಾರೆ, ಅವರ ಜೊತೆ ಓಡಬೇಡಿ. 2025ರಲ್ಲೂ ಇದೇ ಆಟ: ಸಭೆ ಸೆಪ್ಟೆಂಬರ್ 3ಕ್ಕೆ, ಅಧಿಸೂಚನೆ 17ಕ್ಕೆ, ಜಾರಿ 22ಕ್ಕೆ. 17ರ ತನಕ ನಾನು ಪೆನ್ನು ಮುಟ್ಟಲಿಲ್ಲ. ಕೌನ್ಸಿಲ್ ಶಿಫಾರಸು ಸರ್ಕಾರಗಳನ್ನು ಕಟ್ಟಿಹಾಕೋಲ್ಲ ಅಂತ ಸುಪ್ರೀಂ ಕೋರ್ಟು 2022ರ ಮೇನಲ್ಲಿ ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರಕ್ಕೇ ಕಡ್ಡಾಯವಲ್ಲದ್ದನ್ನು ನೀವು ಕಾನೂನು ಅಂತ ಬರೆದರೆ ಹೇಗೆ? ಇಂಗ್ಲಿಷಿನ ಚಿಂತೆಯೂ ಬಿಡಿ, ಅದನ್ನು ತಿದ್ದೋಕೆ ಸಂಪಾದಕರಿದ್ದಾರೆ. ತಾರೀಖು ತಿದ್ದೋಕೆ ಯಾರೂ ಇಲ್ಲ. ಲೇಖನ ನೋಡಿ ಕಕ್ಷಿದಾರರು ಬರ್ತಾರೆ ಅನ್ನೋದೂ ಸುಳ್ಳು. ನನಗೆ ಒಬ್ಬರೂ ಬರಲಿಲ್ಲ, ಇದ್ದವರೊಬ್ಬರು ಹೋಗೋದ್ರಲ್ಲಿದ್ದರು.

ಮೊದಲ ಲೇಖನಕ್ಕೆ ಅದೇ ಕಾಯ್ದೆಯ 16(4)ನೇ ಕಲಮಿನ ಗಡುವು, ಅಂದರೆ ಕ್ರೆಡಿಟ್ ತಗೊಳ್ಳೋ ಕೊನೇ ದಿನದ ವಿಷಯ, ಇಟ್ಕೊಂಡಿದ್ದೀನಿ ಅಂದಿದ್ದೀರಿ. ಒಳ್ಳೇದೇ. ಆರ್ಥಿಕ ವರ್ಷ ಮುಗಿದ ಮೇಲೆ ಬರೋ ನವೆಂಬರ್ 30 ಅನ್ನೋ ಗಡುವು ಬಂದದ್ದು 2022ರ ತಿದ್ದುಪಡಿಯಿಂದ. ಹಳೇ ವರ್ಷಗಳಿಗೆ 2024ರಲ್ಲಿ 16(5) ಸೇರಿಸಿ ರಿಯಾಯಿತಿ ಕೊಟ್ಟದ್ದು 2017–18ರಿಂದ 2020–21ರ ತನಕ ಮಾತ್ರ, ಅದೂ 2021ರ ನವೆಂಬರ್ 30ರೊಳಗೆ ರಿಟರ್ನ್ ಸಲ್ಲಿಸಿದ್ದವರಿಗೆ. 2021–22ಕ್ಕೆ ಅದು ಸಿಗೋಲ್ಲ ಅನ್ನೋದನ್ನು ಮೊದಲ ಪ್ಯಾರಾದಲ್ಲೇ ಹಾಕಿ. ಎರಡನೇ ಪ್ಯಾರಾ ಓದುವಷ್ಟರಲ್ಲಿ ಯಾರೋ ಒಬ್ಬರು ಕ್ರೆಡಿಟ್ ತಗೊಂಡಾಗಿರುತ್ತೆ.