ಹಳೆ ರಾಕ್ ಬ್ಯಾಂಡ್ ಹೊಸ ಗಾಯಕನೊಂದಿಗೆ ಮತ್ತೆ ಕೂಡಿದಾಗ ಹಿಂದಿನ ಹಾಡುಗಳೇ ಯಾಕೆ ಸೋಲುತ್ತವೆ?

ಹಳೆಯ ಶ್ರುತಿ ಹೊಸ ದನಿಗೆ ಹೊಂದದಿರುವುದೇ ಮುಖ್ಯ ಕಾರಣ. ಶಿವಮೊಗ್ಗದ ನಿಮ್ಮ ಕಾಲೇಜು ಬ್ಯಾಂಡ್ ಮತ್ತೆ ಸೇರಿದೆ, ಗಾಯಕ ಮಾತ್ರ ಬೇರೆ ಎಂದಿದ್ದೀರಿ. ಹಿಂದಿನವರ ಗಂಟಲಿಗೆ ಕೂರಿಸಿದ ಮೇಲಿನ ಸ್ವರಗಳು ಇವರಿಗೆ ಎಟುಕದೆ ಕಿರುಚಾಟವಾಗುತ್ತವೆ.

ಪಲ್ಲವಿಗಿಂತ ಮೊದಲು ಅತಿ ಎತ್ತರದ ಸಾಲನ್ನೇ ಹಾಡಿಸಿ, ಸಲೀಸಾಗುವವರೆಗೆ ಅರ್ಧರ್ಧ ಸ್ವರ ಇಳಿಸಿ. ಒಂದು ಪೂರ್ಣ ಸ್ವರ, ಅಂದರೆ ಎರಡು ಅರ್ಧ ಸ್ವರ ಇಳಿದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಗುಂಡಿ) ಮೈನಸ್ 2. ಗಿಟಾರಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಬೇಡ, ಅದು ಶ್ರುತಿ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಆರೂ ತಂತಿ ಸಡಿಲಿಸಿ, ಬೇಸ್ ಗಿಟಾರಿನವನ್ನೂ. ಸಡಿಲ ತಂತಿ ಫ್ರೆಟ್ ಪಟ್ಟಿಗೆ ಬಡಿದು ಗುಂಯ್‌ಗುಟ್ಟಿದರೆ ಗಿಟಾರಿನ 0.010 ಇಂಚಿನ ತಂತಿ ಸೆಟ್ (ಅತಿ ತೆಳು ತಂತಿಯ ದಪ್ಪ) ತೆಗೆದು ತುಸು ದಪ್ಪನೆಯ 0.011 ಹಾಕಿ.

ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ಶ್ರುತಿ ಬೇಗ ಜಾರುತ್ತದೆ. ಪ್ರತಿ ಹಾಡಿಗೂ ಮುಂಚೆ ನೋಡಿಕೊಳ್ಳಿ.