ಮಗ ಮಿಲಿಟರಿ ಟ್ರೈನಿಂಗಿಗೆ ಹೊರಟಿದ್ದಾನೆ ಅಂತ ಬರೆದ ಅಕ್ಕನಿಗೆ

ಅಕ್ಕ, ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದನ್ನು ಕೇಳಬಹುದೋ ಇಲ್ಲವೋ ಅಂತ ಅಳುಕಿಕೊಂಡೇ ಬರೆದಿದ್ದೀರಿ. ಧಾರಾಳವಾಗಿ ಕೇಳಿ. ತೋಟ ಹಿಡಿಯುವ ಮುಂಚೆ ನಾನೂ ಹದಿನೇಳು ವರ್ಷ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು, ಅಂದರೆ ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಇಂಜಿನಿಯರ್ ಗ್ರೂಪ್ (ಎಂಇಜಿ). ನಿಮ್ಮ ಮಗ ಅಗ್ನಿವೀರನಾಗಿ ಹೋಗುತ್ತಿರುವುದೂ ಅದೇ ಬೆಂಗಳೂರಿನ ಎಂಇಜಿ ಸೆಂಟರಿಗೆ. ಬೇಸಿಕ್ ಟ್ರೈನಿಂಗ್ ಮುಗಿದ ಮೇಲೆ ಕೆಲಸ ಕಲಿಸುವಾಗ ದಿನ ಹೇಗಿರುತ್ತದೆ, ಏನು ಕಟ್ಟಿಕೊಡಲಿ ಅಂದಿರಿ. ನನ್ನದು ತೊಂಬತ್ತರ ದಶಕದ ಅನುಭವ. ಈಗ ಟ್ರೈನಿಂಗ್ ಅವಧಿ ಕಡಿಮೆ, ಅಷ್ಟು ಬಿಟ್ಟುಕೊಂಡು ಓದಿ.

ಕೋಳಿ ಕೂಗುವ ಮುಂಚೆ ಎಬ್ಬಿಸುತ್ತಾರೆ. ಗಡ್ಡ ಬೋಳಿಸಿ, ಹಾಸಿಗೆ ಸರಿಮಾಡಿ, ಮಗ್ಗಿನಲ್ಲಿ ಚಹಾ ಕುಡಿದು ಕತ್ತಲಲ್ಲೇ ಫಾಲಿನ್, ಅಂದರೆ ಸಾಲಾಗಿ ನಿಲ್ಲುವುದು. ಆಮೇಲೆ ಪಿಟಿ. ಓಟಕ್ಕೆ ಹೆದರಬೇಡಿ, ಭರ್ತಿಯಲ್ಲಿ 1.6 ಕಿಲೋಮೀಟರ್ ಓಡಿಯೇ ತಾನೇ ಆಯ್ಕೆಯಾಗಿದ್ದು? ನಿಜವಾದ ಕಷ್ಟ ಊಟದ ನಂತರದ ಕ್ಲಾಸು. ಫ್ಯಾನಿನ ಗಾಳಿ, ಹಿಂದಿಯಲ್ಲಿ ಪಾಠ, ಹೊಟ್ಟೆ ತುಂಬ ಅನ್ನ. ನಾನೊಮ್ಮೆ ಪೆನ್ನು ಹಿಡಿದ ಹಾಗೇ ತೂಕಡಿಸಿದೆ. ನೋಟ್‌ಬುಕ್ಕಿನ ಕೊನೆ ಸಾಲು ಎರೆಹುಳ ಹರಿದ ಹಾಗಿತ್ತು. ಉಸ್ತಾದ್, ಅಂದರೆ ಕಲಿಸುವವರು, ಬೈಯಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು ಹಿಂದೆ ನಿಂತುಕೋ ಅಂದರು, ಅಷ್ಟೆ. ನಿದ್ದೆ ಬಂದರೆ ತಾನಾಗಿಯೇ ಎದ್ದು ನಿಲ್ಲಲು ಹೇಳಿ. ಸಿಕ್ಕಿಬಿದ್ದರೆ ರಗಡಾ, ಅಂದರೆ ಬಿಸಿಲಲ್ಲಿ ಉರುಳುವುದು.

ಕೆಲಸ ಕಲಿಸುವ ಜಾಗದಲ್ಲಿ ಮಾತ್ರ ತೋಟದ ಹುಡುಗರು ಮುಂದೆ. ಹಗ್ಗದ ಗಂಟು, ಮರ ಕಟ್ಟುವುದು, ಗುಂಡಿ ತೋಡುವುದು, ದೋಣಿ ಹುಟ್ಟು ಹಾಕುವುದು, ಸೇತುವೆ ಕಟ್ಟುವುದು. ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಬೇಲಿ ಬ್ರಿಜ್ ಅಂತ ಒಂದಿದೆ. (ನಮ್ಮ ತೋಟದ ಬೇಲಿಯಲ್ಲ, ಇಂಗ್ಲಿಷ್ ಇಂಜಿನಿಯರನ ಹೆಸರು!) ಅದರ ಒಂದೊಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕೆಜಿ. ಆರು ಜನ ಹೊರಬೇಕು. ಒಂದೇ ಕೂಗಿಗೆ ಎತ್ತಬೇಕು, ಒಂದೇ ಕೂಗಿಗೆ ಇಳಿಸಬೇಕು. ಒಬ್ಬ ಮೊದಲೇ ಕೈಬಿಟ್ಟರೆ ಪಕ್ಕದವನ ಬೆರಳು ಹೋಯಿತು. ಎದುರಿಗಿರುವವನು ತಮಿಳಿನವನೋ ಮಲಯಾಳಿಯೋ, ಭಾಷೆ ಬರದಿದ್ದರೂ ಆ ಕೂಗು ಮೊದಲ ದಿನವೇ ಅರ್ಥವಾಗುತ್ತದೆ. ಶತ್ರುವಿನ ಮುಳ್ಳುತಂತಿಯನ್ನು ಸಿಡಿಸಿ ದಾರಿ ಮಾಡುವ, ಸ್ಫೋಟಕ ತುಂಬಿದ ಕೊಳವೆ ಬೆಂಗಳೂರು ಟಾರ್ಪೆಡೋ 1912ರಲ್ಲಿ ಹುಟ್ಟಿದ್ದೂ ಈ ಸ್ಯಾಪರ್‌ಗಳ ನಡುವೆಯೇ. ಅದನ್ನು ಹೇಳಿಕೊಡುವಾಗ ಉಸ್ತಾದರ ಮೀಸೆ ನೋಡಬೇಕು ನೀವು.

ಸಂಜೆ ಆಟ, ಬೂಟ್ ಪಾಲಿಶ್, ರೋಲ್ ಕಾಲ್, ನಿದ್ದೆ. ಭಾನುವಾರ ಬಟ್ಟೆ ಒಗೆಯುವುದು. ಲಂಗರಿನ (ಸೇನೆಯ ಅಡುಗೆಮನೆಯ) ಊಟ ಹೊಟ್ಟೆ ತುಂಬ ಸಿಗುತ್ತದೆ, ಮುದ್ದೆಯ ಆಸೆ ಬಿಡಬೇಕು ಅಷ್ಟೆ.

ತಿಂಡಿ ಡಬ್ಬಿ ಜಾಸ್ತಿ ಕಳಿಸಬೇಡಿ, ಬ್ಯಾರಕ್ಕಿನಲ್ಲಿ ಒಂದೇ ಸಂಜೆಗೆ ಖಾಲಿ. ಅದರ ಬದಲು ನಾಲ್ಕು ಜೊತೆ ಹತ್ತಿ ಸಾಕ್ಸ್, ಗಟ್ಟಿ ಬೀಗ, ಸೂಜಿ ದಾರ, ಬಟ್ಟೆ ಮೇಲೆ ಹೆಸರು ಬರೆಯಲು ಮಾರ್ಕರ್ ಇಡಿ. ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಒಂದು ಸೆಟ್ ಮನೆಯಲ್ಲೂ ಇರಲಿ. ದುಡ್ಡು ಕಳಿಸುವ ಚಿಂತೆ ಬೇಡ. ಮೊದಲ ವರ್ಷ ಸಂಬಳ ತಿಂಗಳಿಗೆ 30,000, ಅದರಲ್ಲಿ 9,000 ಸೇವೆ ಮುಗಿದಾಗ ಕೊಡುವ ಸೇವಾ ನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ಫೋನು ಕೈಯಲ್ಲಿ ಸದಾ ಇರುವುದಿಲ್ಲ. ನಾಲ್ಕು ದಿನ ಕರೆ ಬರಲಿಲ್ಲ ಅಂತ ಅಳುತ್ತಾ ಕೂರಬೇಡಿ, ನಮ್ಮಮ್ಮ ನನ್ನ ಇನ್‌ಲ್ಯಾಂಡ್ ಲೆಟರಿಗೆ ಹದಿನೈದು ದಿನ ಕಾಯುತ್ತಿದ್ದಳು.

ಹೊರಡಲು ಇನ್ನೂ ಮೂರು ವಾರ ಇದೆ ಅಂದಿರಲ್ಲ, ದಿನಾ ಗಡ್ಡ ಬೋಳಿಸುವ ಅಭ್ಯಾಸ ಈಗಲೇ ಆಗಲಿ. ಸಂಜೆ ಹೊತ್ತು ಅವನ ಕೈಗೊಂದು ಹಗ್ಗ ಕೊಟ್ಟು ಜೀರುಕುಣಿಕೆ ಹಾಕಿಸಿ, ಕಣ್ಣು ಮುಚ್ಚಿಕೊಂಡು.